ಫ್ಯಾಕ್ಟರಿ ಕೊಳೆನೀರಿಗೆ ಆಲಂ (ಪಟಿಕ) ಸುರಿದಿದ್ದು ಸಾಕು, ಬ್ಯಾಕ್ಟೀರಿಯಾಗೆ ಕೆಲಸ ಕೊಡೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಏನಂತೀರಿ?

ಲ್ಯಾಬ್‌ಕೋಟು, ತುಮಕೂರು

ಎಲ್ಲರಿಗೂ ನಮಸ್ಕಾರ. "ಇಟಿಪಿ (ಫ್ಯಾಕ್ಟರಿ ಕೊಳೆನೀರು ಶುದ್ಧ ಮಾಡುವ ಘಟಕ) ಅಂದರೆ ಆಲಂ, ಸುಣ್ಣ, ಪಾಲಿಮರ್ ಹಾಕಿ ಕೆಸರು ತೆಗೆಯೋದು, ಅಷ್ಟೇ" ಎಂದು ಇಲ್ಲಿ ಒಬ್ಬರು ಬರೆದಿದ್ದರು. ಉತ್ತರ ಬರೆಯಲು ಕೂತೆ. ಉದ್ದವಾಯಿತು. ಹಾಗಾಗಿ ಬೇರೆಯಾಗಿಯೇ ಹಾಕುತ್ತಿದ್ದೇನೆ.

ನಾನು ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆಯಿಂದ ಕ್ಯಾನುಗಳಲ್ಲಿ ನೀರು ಬರುತ್ತದೆ. ನನ್ನ ವಾದ ಇಷ್ಟೇ. ತೆಂಗು, ಹಾಲು, ಹಣ್ಣಿನ ತಿರುಳು, ರೇಷ್ಮೆ, ಇಂಥ ಕೆಲಸದ ನೀರಿಗೆ ಮೊದಲ ಆಯ್ಕೆ ಜೈವಿಕ ವಿಧಾನವೇ ಆಗಬೇಕು. ಕೆಮಿಕಲ್ ಆಮೇಲೆ, ಅದೂ ಬೇಕಾದರೆ ಮಾತ್ರ.

ಯಾಕೆ ಅಂತ ಹೇಳುತ್ತೇನೆ. ಒಂದು ಡಿಸಿ ಪೌಡರ್ ಯೂನಿಟ್‌ನಿಂದ, ಅಂದರೆ ಕೊಬ್ಬರಿ ಪುಡಿ ಮಾಡುವ ಕಡೆಯಿಂದ, ನೀರು ಬಂದಿತ್ತು. ಬೀಕರಿಗೆ ಸುರಿದರೆ ಹಾಲಿನ ಬಣ್ಣ. ಮೇಲೆ ಎಣ್ಣೆಯ ತೆಳು ಪೊರೆ, ಹುಳಿ ವಾಸನೆ. ಆಲಂ ಹಾಕಿ ಪ್ಯಾಡಲ್ ತಿರುಗಿಸಿದೆವು. ಸ್ವಲ್ಪ ಹೊತ್ತಿಗೆ ಬಿಳಿ ತುಣುಕುಗಳು ಒಟ್ಟುಗೂಡಿ ತಳಕ್ಕೆ ಇಳಿದವು. ಮೇಲಿನ ನೀರು ಫಳಫಳ. ಜೊತೆಗೆ ಬಂದಿದ್ದ ಸೂಪರ್‌ವೈಸರ್‌ಗೆ ಖುಷಿಯೋ ಖುಷಿ. ಆ ತಿಳಿನೀರಿನ ಸಿಒಡಿ (ನೀರಿನ ಕೊಳೆಯ ಅಳತೆ, ಮುಂದೆ ವಿವರಿಸಿದ್ದೇನೆ) ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹಾಗೇ ಕೂತಿತ್ತು. ಆಲಂ ಹಿಡಿಯುವುದು ತೇಲುವ ಕಣವನ್ನು. ಬಲಿತ ಕಾಯಿಯ ನೀರಿನಲ್ಲಿರುವ ಸಕ್ಕರೆ ಕರಗಿರುತ್ತದೆ. ಅದು ಆಲಂ ಕೈಗೆ ಸಿಗುವುದಿಲ್ಲ. ಕಣ್ಣಿಗೆ ಕಾಣದ ಆ ಸಕ್ಕರೆಯೇ ಕೆರೆಗೆ ಹೋಗಿ ಅಲ್ಲಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯಿಸುವುದು.

ಹೊಸಬರಿಗೆ ಒಂದು ಮಾತು. ಕೊಳೆಯುವ ಪದಾರ್ಥ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕವೇ ಬಿಒಡಿ. ನಮ್ಮ ದೇಶದಲ್ಲಿ ಅದನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಅದೇ ನೀರನ್ನು ಕೆಮಿಕಲ್‌ನಿಂದ ಪೂರ್ತಿ ಸುಟ್ಟಾಗ ಬರುವ ಲೆಕ್ಕ ಸಿಒಡಿ. ಸಾಮಾನ್ಯ ನಿಯಮದಲ್ಲಿ ಹಳ್ಳ, ಕೆರೆಗೆ ಬಿಡಬೇಕಾದರೆ ಲೀಟರಿಗೆ ಬಿಒಡಿ 30 ಮಿಲಿಗ್ರಾಂ, ಸಿಒಡಿ 250 ಮಿಲಿಗ್ರಾಂ ದಾಟಬಾರದು. ಜಮೀನಿಗೆ ಹಾಯಿಸಲು ಬಿಒಡಿ 100ರವರೆಗೆ ನಡೆಯುತ್ತದೆ. ಹಾಲಿನ ಬಿಒಡಿ ಎಷ್ಟು ಗೊತ್ತಾ? ಲೀಟರಿಗೆ ಸುಮಾರು ಒಂದು ಲಕ್ಷ ಮಿಲಿಗ್ರಾಂ. ಡೈರಿಯಲ್ಲಿ ಒಂದು ಕ್ಯಾನ್ ಹಾಲು ಮೋರಿಗೆ ಚೆಲ್ಲಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಸಿಒಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಒಡಿ ಇದ್ದರೆ ಆ ನೀರು ಬ್ಯಾಕ್ಟೀರಿಯಾಗೆ ಒಳ್ಳೆ ಊಟ ಅಂತ ಅರ್ಥ. ಆ ಪಾಲು 0.3ಕ್ಕಿಂತ ಕಡಿಮೆ ಇದ್ದರೆ ಕಷ್ಟ. ನಮ್ಮ ಕಡೆಯ ತೆಂಗು, ಹಾಲು, ಹಣ್ಣಿನ ನೀರು ಹೆಚ್ಚುಕಮ್ಮಿ ಮೊದಲನೇ ಗುಂಪಿನದು.

ತೆಂಗಿನಸೀಮೆ, ತಿಪಟೂರು

ಸಾರ್, ನೀವು ಬರೆದಿದ್ದು ಓದಲು ಚೆನ್ನಾಗಿದೆ. ನಮ್ಮ ಕಥೆ ಕೇಳಿ. ನಮ್ಮದೂ ಡಿಸಿ ಪೌಡರ್ ಯೂನಿಟ್ಟೇ. ಒಬ್ಬ ಕಂಟ್ರಾಕ್ಟರ್ ಬಂದು "ಬಯೋ ಹಾಕಿಸಿ, ಗ್ಯಾಸೂ ಬರುತ್ತದೆ" ಎಂದ. ಗಾಳಿ ಆಡದ ಟ್ಯಾಂಕ್ ಕಟ್ಟಿಸಿದೆವು. ಟ್ರಾಕ್ಟರ್‌ಗಟ್ಟಲೆ ಸೆಗಣಿ ಹಾಕಿದೆವು. ಮೊದಲು ಗ್ಯಾಸ್ ಬಂತು, ನಿಜ. ಆಮೇಲೆ ಬುರುಗು ಎದ್ದು ಮುಚ್ಚಳದ ಪಕ್ಕದಿಂದ ಉಕ್ಕಲು ಶುರುವಾಯಿತು. ಗ್ಯಾಸ್ ನಿಂತಿತು. ಪಕ್ಕದ ತೋಟದವರು ವಾಸನೆಗೆ ಜಗಳಕ್ಕೆ ಬಂದರು. ಕಂಟ್ರಾಕ್ಟರ್ ಒಂದೊಂದು ಸಲವೂ ಒಂದು ಪ್ಯಾಕೆಟ್ "ಕಲ್ಚರ್" (ಬ್ಯಾಕ್ಟೀರಿಯಾ) ಪುಡಿ ಮಾರಿದ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ. ಈಗ ಆ ಟ್ಯಾಂಕ್ ಮಳೆನೀರಿಗೆ ಇದೆ. ಆಲಂ ಹಾಕಿದರೆ ಕೊನೇಪಕ್ಷ ಜಗಳ ಇಲ್ಲ.

ಸಿವಿಲ್ ಅಕ್ಕ, ಚಿಕ್ಕಬಳ್ಳಾಪುರ

ಅಣ್ಣ, ನಿಮ್ಮ ಟ್ಯಾಂಕಿಗೆ ಹೋಗುವ ಮುಂಚೆ ಎಣ್ಣೆ ತೆಗೆಯುವ ತೊಟ್ಟಿ ಇತ್ತಾ? ನೀರು ಒಂದು ದಿನ ನಿಲ್ಲುವಷ್ಟು ದೊಡ್ಡ ಸಂಪ್ ಇತ್ತಾ? ಇಲ್ಲ ಅನ್ನುತ್ತೀರಿ ಅಂತ ನನ್ನ ಊಹೆ.

ತೆಂಗಿನಸೀಮೆ, ತಿಪಟೂರು

ಇಲ್ಲಕ್ಕ. ಚಿಕ್ಕದೊಂದು ಗುಂಡಿ ಇತ್ತು. ಎಣ್ಣೆಯೂ ಗ್ಯಾಸ್ ಆಗುತ್ತದೆ, ಬಿಡಿ ಅಂದಿದ್ದ.

ಸಿವಿಲ್ ಅಕ್ಕ, ಚಿಕ್ಕಬಳ್ಳಾಪುರ

ಅಲ್ಲೇ ಕೆಟ್ಟಿದ್ದು. ಎಣ್ಣೆ ಗ್ಯಾಸ್ ಆಗುವುದು ನಿಜ. ಆದರೆ ತೆಂಗಿನೆಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧ ಲಾರಿಕ್ ಆಮ್ಲ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಅದು ಜಾಸ್ತಿಯಾದರೆ ವಿಷ. ಆ ಟ್ಯಾಂಕಿನೊಳಗೆ ಎರಡು ತಂಡ ಕೆಲಸ ಮಾಡುತ್ತವೆ. ಒಂದು ಸಕ್ಕರೆ, ಕೊಬ್ಬನ್ನು ಹುಳಿಯಾಗಿಸುವ ತಂಡ. ಅದಕ್ಕೆ ಭಾರೀ ವೇಗ. ಇನ್ನೊಂದು ಆ ಹುಳಿಯನ್ನು ಮೀಥೇನ್ ಮಾಡುವ ತಂಡ. ಅದು ನಿಧಾನ, ನಾಜೂಕು ಬೇರೆ. ಎರಡನೇ ತಂಡ ಸುಸ್ತಾದರೆ ಹುಳಿ ಖರ್ಚಾಗುವುದಿಲ್ಲ, ಪಿಎಚ್ 6.5ಕ್ಕಿಂತ ಕೆಳಗೆ ಜಾರುತ್ತದೆ, ಅಲ್ಲಿಗೆ ಗ್ಯಾಸ್ ಬಂದ್. ಆಗ ಎಷ್ಟು ಪುಡಿ ಸುರಿದರೂ ಸತ್ತವರಿಗೆ ಊಟ ಬಡಿಸಿದ ಹಾಗೆ. ಮಾಡಬೇಕಿದ್ದದ್ದು ಹೊಸ ನೀರು ಬಿಡುವುದನ್ನು ನಿಲ್ಲಿಸಿ, ಸುಣ್ಣವೋ ಸೋಡಾವೋ ಹಾಕಿ ಪಿಎಚ್ 7ರ ಹತ್ತಿರ ತಂದು, ಚೆನ್ನಾಗಿ ನಡೆಯುತ್ತಿರುವ ಬೇರೆ ಪ್ಲಾಂಟಿನಿಂದ ಒಂದು ಟ್ಯಾಂಕರ್ ಬಗ್ಗಡ ತಂದು ಮತ್ತೆ ಸ್ವಲ್ಪಸ್ವಲ್ಪವೇ ನೀರು ಬಿಡುವುದು.

ನಿಮ್ಮ ಟ್ಯಾಂಕ್ ಇನ್ನೂ ಗಟ್ಟಿ ಇದ್ದರೆ ಒಡೆಯಬೇಡಿ. ಮುಂದೆ ಎಣ್ಣೆ ತೊಟ್ಟಿ, ದೊಡ್ಡ ಸಂಪ್ ಸೇರಿಸಿದರೆ ಜೀವ ಬರಬಹುದು.

ಲ್ಯಾಬ್‌ಕೋಟು, ತುಮಕೂರು

ಅಕ್ಕ ಹೇಳಿದ್ದಕ್ಕೆ ದುಡ್ಡಿನ ಲೆಕ್ಕ ಸೇರಿಸುತ್ತೇನೆ. ದಿನಕ್ಕೆ 20,000 ಲೀಟರ್ ನೀರು, ಲೀಟರಿಗೆ 10,000 ಮಿಲಿಗ್ರಾಂ ಸಿಒಡಿ ಅಂತ ಇಟ್ಟುಕೊಳ್ಳಿ. ಒಟ್ಟು 200 ಕೆಜಿ ಆಯಿತು. ಅದರಲ್ಲಿ 150 ಕೆಜಿಯನ್ನು ಗಾಳಿಯಿಲ್ಲದ ಟ್ಯಾಂಕ್ ತಿಂದರೆ, ಕೆಜಿಗೆ 0.35 ಘನ ಮೀಟರ್ ಲೆಕ್ಕದಲ್ಲಿ 52 ಘನ ಮೀಟರ್ ಮೀಥೇನ್. ಶಾಖದ ಲೆಕ್ಕದಲ್ಲಿ 19 ಕೆಜಿಯ ಎರಡು ಕಮರ್ಷಿಯಲ್ ಸಿಲಿಂಡರ್. ಇದು ಪುಸ್ತಕದ ಲೆಕ್ಕ. ಕೈಗೆ ಕಡಿಮೆಯೇ ಸಿಗುತ್ತದೆ. ಆದರೂ ಕೊಬ್ಬರಿ ಒಣಗಿಸುವ ಡ್ರೈಯರ್‌ಗೆ ಬಿಸಿ ಹೇಗೂ ಬೇಕಲ್ವಾ?

ಅದೇ 150 ಕೆಜಿಯನ್ನು ಬ್ಲೋಯರ್ ಹಾಕಿ ಗಾಳಿ ಊದಿ ತೆಗೆಯಲು ಹೋದರೆ ದಿನಕ್ಕೆ ನೂರು ಯೂನಿಟ್ ಆಸುಪಾಸು ಕರೆಂಟ್ ಬೇಕು. ಮೇಲಿಂದ ಹುಟ್ಟುವ ಕೆಸರು ಹಲವು ಪಟ್ಟು ಜಾಸ್ತಿ. ಹಾಗಾಗಿ ಕೊಳೆ ಜಾಸ್ತಿ ಇರುವ ನೀರಿಗೆ ಮೊದಲು ಗಾಳಿಯಿಲ್ಲದ ಟ್ಯಾಂಕ್, ಉಳಿದ ಕಾಲು ಭಾಗಕ್ಕೆ ಬ್ಲೋಯರ್. ಗಾಳಿಯಿಲ್ಲದ ಟ್ಯಾಂಕ್ ಒಂದರಿಂದಲೇ ಬಿಒಡಿ 30ಕ್ಕೆ ಇಳಿಯುವುದಿಲ್ಲ. ಹಾಗೆ ಇಳಿಸುತ್ತೇನೆ ಅನ್ನುವವನು ಬಂದರೆ ಟೀ ಕೊಟ್ಟು ಕಳಿಸಿ.

ಇನ್ನೊಂದು. ತೆಂಗಿನ ನೀರಿನಲ್ಲಿ ಸಾರಜನಕ ಕಡಿಮೆ. ಬ್ಲೋಯರ್ ಟ್ಯಾಂಕಿನಲ್ಲಿ 100 ಭಾಗ ಬಿಒಡಿಗೆ 5 ಭಾಗ ಸಾರಜನಕ, 1 ಭಾಗ ರಂಜಕ ಬೇಕು. ಯೂರಿಯಾ, ಡಿಎಪಿ ಹಾಕದಿದ್ದರೆ ದಾರದಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಕೆಳಗೆ ಕೂರುವುದೇ ಇಲ್ಲ. ಹೊಲಕ್ಕೆ ಹಾಕುವ ಅದೇ ಯೂರಿಯಾ.

ಮಾಲೂರು ಮಂಜ

ತೆಂಗು, ಹಾಲು ಎಲ್ಲ ಸರಿ ಗುರೂ. ನಮ್ಮದು ಪ್ಲೇಟಿಂಗ್ ಶಾಪ್, ಲೋಹಕ್ಕೆ ಲೇಪ ಹಾಕೋದು. ಕ್ರೋಮ್, ನಿಕಲ್, ಆಸಿಡ್. ನಿಮ್ಮ ಬ್ಯಾಕ್ಟೀರಿಯಾನ ನಮ್ಮ ಟ್ಯಾಂಕಿಗೆ ಬಿಟ್ಟರೆ ಒಂದು ಗಂಟೆ ಬದುಕಲ್ಲ. ಮಾಲೂರು, ವೇಮಗಲ್, ನರಸಾಪುರ ಅಂದರೆ ಬರೀ ಫುಡ್ ಫ್ಯಾಕ್ಟರಿ ಅಲ್ಲ. ಎಲ್ಲದಕ್ಕೂ ಬಯೋ ಬಯೋ ಅಂದರೆ ಹೇಗೆ?

ಸಿವಿಲ್ ಅಕ್ಕ, ಚಿಕ್ಕಬಳ್ಳಾಪುರ

ಮಂಜಣ್ಣ, ಇಲ್ಲಿ ಯಾರೂ ಎಲ್ಲದಕ್ಕೂ ಅಂದಿಲ್ಲ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲದಂತೆ ಮಾಡುವುದಿಲ್ಲ. ಕ್ರೋಮ್‌ಗೆ ಕೆಮಿಸ್ಟ್ರಿಯೇ ಸರಿ. ಪಿಎಚ್ ಅನ್ನು 2 ಮತ್ತು 3ರ ನಡುವೆ ಇಳಿಸಿ ಬೈಸಲ್ಫೈಟ್ ಹಾಕಿ ಆರು ವೇಲೆನ್ಸಿಯ ಕ್ರೋಮನ್ನು ಮೂರು ವೇಲೆನ್ಸಿಗೆ ತರುವುದು, ಆಮೇಲೆ ಸುಣ್ಣ ಹಾಕಿ ಕೂರಿಸುವುದು. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಇರುವ ಜಾಗಕ್ಕೇ ಕಳಿಸಬೇಕು, ಹೊಲಕ್ಕಲ್ಲ.

ನನ್ನ ತಕರಾರು ಬೇರೆ. ನಿಮ್ಮಂಥ ಎಷ್ಟೋ ಶಾಪ್‌ಗಳಲ್ಲಿ ಕ್ಯಾಂಟೀನ್, ಟಾಯ್ಲೆಟ್ ನೀರನ್ನೂ ಇದೇ ಪೈಪಿಗೆ ಸೇರಿಸುತ್ತಾರೆ. "ತೆಳುವಾಗಲಿ" ಅಂತ. ಆಗ ಎರಡೂ ಕೆಡುತ್ತವೆ. ಲೋಹದಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಸಾಬೂನು, ಕೊಳಕಿನಿಂದ ಲೋಹ ಸರಿಯಾಗಿ ಕೂರುವುದಿಲ್ಲ. ಪೈಪ್ ಬೇರೆ ಮಾಡಿ. ಪ್ಲೇಟಿಂಗ್ ನೀರು ಕೆಮಿಕಲ್‌ಗೆ, ಕ್ಯಾಂಟೀನ್ ನೀರು ಬಯೋಗೆ. ಹಾಗೇ ಇನ್ನೊಂದು, ಉಪ್ಪು. ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನಂಶ) ಇಳಿಸುವುದು ಬ್ಯಾಕ್ಟೀರಿಯಾ ಕೆಲಸ ಅಲ್ಲ. ಅದಕ್ಕೆ ಆರ್‌ಒ, ಇವಾಪೊರೇಟರ್.

ಮಾಲೂರು ಮಂಜ

ಪೈಪ್ ಬೇರೆ ಮಾಡೋದು ನೆಲ ಅಗೆಯೋ ಖರ್ಚಕ್ಕ. ನೋಡೋಣ.

ಕೆರೆಬಯಲು, ಕೋಲಾರ

ನಾನು ರೈತ. ನಿಮ್ಮ ಈ ಬಯೋ ಮಾತು ನಮಗೆ ಹೊಸದಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಮೊದಲು ಬಂದಿದ್ದು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿದ್ದೇವೆ ಅಂದರು. ತಿಂಗಳು ಕಳೆಯುವಷ್ಟರಲ್ಲಿ ನೊರೆ ಎದ್ದಿತು, ಕೋರ್ಟಿಗೆ ಹೋಯಿತು, ತಡೆ ಬಂತು, ಆಮೇಲೆ ಮತ್ತೆ ಬಿಟ್ಟರು. ಆ ಎರಡನೇ ಹಂತ ಅಂದರೆ ನೀವು ಹೇಳುವ ಬ್ಯಾಕ್ಟೀರಿಯಾ ಹಂತವೇ ತಾನೇ? ಹಾಗಾದರೆ ಮೂರನೇ ಹಂತ ಬೇಕು ಅಂತ ನಾವು ಯಾಕೆ ಇಷ್ಟು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇವೆ?

ಒಂದು ಮಾತು ಒಪ್ಪುತ್ತೇನೆ. ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಕಂಡವರು ನಮ್ಮ ಸುತ್ತ ಇದ್ದಾರೆ. ಆ ನೀರನ್ನು ಬೇಡ ಅನ್ನುವ ಸ್ಥಿತಿಯಲ್ಲಿ ನಾವಿಲ್ಲ. ಅದಕ್ಕೇ ಜಾಸ್ತಿ ಭಯ.

ಲ್ಯಾಬ್‌ಕೋಟು, ತುಮಕೂರು

ಅಣ್ಣ, ನಿಮ್ಮ ಪ್ರಶ್ನೆ ಈ ಚರ್ಚೆಯಲ್ಲೇ ಮುಖ್ಯವಾದದ್ದು. ಹೌದು, ಎರಡನೇ ಹಂತ ಅಂದರೆ ಜೈವಿಕ ಹಂತವೇ. ಅದು ತನ್ನ ಪಾಲಿನ ಕೆಲಸ ಮಾಡುತ್ತದೆ, ಕೊಳೆಯುವುದನ್ನು ತಿನ್ನುತ್ತದೆ. ನೊರೆ ಬರುವುದು ಮುಖ್ಯವಾಗಿ ಸಾಬೂನು, ಡಿಟರ್ಜೆಂಟ್ ಉಳಿದಾಗ. ಜೊತೆಗೆ ರಂಜಕ, ಸಾರಜನಕ ಉಳಿದರೆ ಕೆರೆಯಲ್ಲಿ ಪಾಚಿ, ಅಂತರಗಂಗೆ ಬೆಳೆಯುತ್ತವೆ. ಅವನ್ನು ತೆಗೆಯಲು ಬೇರೆ ಥರದ ಜೈವಿಕ ಹಂತ ಇದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವ ನೈಟ್ರೊಸೊಮೊನಾಸ್, ಅದನ್ನು ನೈಟ್ರೇಟ್ ಮಾಡುವ ನೈಟ್ರೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ, ಅವಕ್ಕೆ ಟ್ಯಾಂಕಿನಲ್ಲಿ ಜಾಸ್ತಿ ದಿನ ಬೇಕು. ಆಮೇಲೆ ಗಾಳಿಯಿಲ್ಲದ ಭಾಗದಲ್ಲಿ ಆ ನೈಟ್ರೇಟ್ ಸಾರಜನಕ ಅನಿಲವಾಗಿ ಹಾರಿಹೋಗಬೇಕು. ಇದಕ್ಕೆಲ್ಲ ಟ್ಯಾಂಕ್ ಕಟ್ಟುವಾಗಲೇ ಜಾಗ ಬಿಡಬೇಕು.

ಲೋಹದ ಮಾತು ಬೇರೆ. ಊರಿನ ಕೊಳಚೆಗೆ ಫ್ಯಾಕ್ಟರಿ ನೀರು ಕದ್ದು ಸೇರಿದರೆ ಲೋಹದ ಒಂದು ಪಾಲು ಕೆಸರಿನಲ್ಲಿ ಕೂರುತ್ತದೆ, ಉಳಿದದ್ದು ನೀರಿನ ಜೊತೆ ನಿಮ್ಮ ಕೆರೆಗೆ. ಅದನ್ನು ಕೊನೆಯಲ್ಲಿ ಹಿಡಿಯಲು ಹೋಗಬಾರದು. ಹುಟ್ಟುವ ಫ್ಯಾಕ್ಟರಿಯ ಗೇಟಿನೊಳಗೇ ಹಿಡಿಯಬೇಕು. ಮೂರನೇ ಹಂತ ಕೇಳುತ್ತಿರುವುದು ಸರಿಯೇ. ನನ್ನ ಮಾತು ಇಷ್ಟೇ: ಎರಡನೇ ಹಂತ ಸರಿಯಾಗಿ ನಡೆಯದಿದ್ದರೆ ಮೂರನೆಯದರ ಫಿಲ್ಟರ್ ಕಟ್ಟಿಕೊಂಡು ಅದೂ ಕೂರುತ್ತದೆ.

ಗಣಿಮನೆ, ಕೆಜಿಎಫ್

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮೂರಲ್ಲಿ ಸೈನೈಡ್ ದಿಬ್ಬಗಳಿವೆ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು), ಎಲ್ಲರಿಗೂ ಗೊತ್ತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ದಿಬ್ಬ ಉಳಿಯಿತು. ಗಾಳಿ ಬೀಸಿದರೆ ಈಗಲೂ ಮನೆಯೊಳಗೆ ಧೂಳು. ಸೈನೈಡ್ ತಿನ್ನುವ ಬ್ಯಾಕ್ಟೀರಿಯಾ ಇದೆ ಅಂತಾರಲ್ಲ, ಸುಮ್ನೆ ಹೇಳೋದಾ?

ಲ್ಯಾಬ್‌ಕೋಟು, ತುಮಕೂರು

ಸುಮ್ನೆ ಅಲ್ಲ. ಅಮೆರಿಕದ ಸೌತ್ ಡಕೋಟಾದಲ್ಲಿ ಹೋಮ್‌ಸ್ಟೇಕ್ ಅನ್ನುವ ಚಿನ್ನದ ಗಣಿ ಇತ್ತು. ಅಲ್ಲಿ 1984ರಿಂದ ಸೈನೈಡ್ ನೀರನ್ನು ಬ್ಯಾಕ್ಟೀರಿಯಾದಿಂದಲೇ ಶುದ್ಧ ಮಾಡಿ ಹಳ್ಳಕ್ಕೆ ಬಿಟ್ಟರು. ದೊಡ್ಡ ದೊಡ್ಡ ಚಕ್ರಗಳು ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ನಿಧಾನಕ್ಕೆ ತಿರುಗುತ್ತವೆ. ಚಕ್ರದ ಮೇಲೆ ಲೋಳೆಯ ಥರ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಸೈನೈಡ್ ಅಂದರೆ ಇಂಗಾಲ ಮತ್ತು ಸಾರಜನಕ, ಪಳಗಿದ ಬ್ಯಾಕ್ಟೀರಿಯಾಗೆ ಅದೂ ಆಹಾರವೇ. ಆದರೆ ಅದು ನಡೆಯುತ್ತಿದ್ದ ಗಣಿಯ ನೀರು. ನಿಮ್ಮಲ್ಲಿರುವುದು ಒಣ ಪುಡಿಯ ಗುಡ್ಡ. ಧೂಳಿಗೆ ಬೇಕಾದದ್ದು ಮೇಲೆ ಮಣ್ಣು, ಹಸಿರು ಹೊದಿಕೆ. ಅದು ಬೇರೆಯದೇ ಚರ್ಚೆ.

ಹಳೇಪೇಪರ್, ತುಮಕೂರು

ಇತಿಹಾಸ ಓದುವ ಚಟ ನನಗೆ. ಈಗ ಎಲ್ಲ ಕಡೆ ಇರುವ ಬ್ಲೋಯರ್ ಪದ್ಧತಿ ಶುರುವಾಗಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, 1914ರಲ್ಲಿ. ಆರ್ಡರ್ನ್, ಲಾಕೆಟ್ ಅನ್ನುವ ಇಬ್ಬರು ಕೊಳಚೆಗೆ ಗಾಳಿ ಊದಿ, ಪ್ರತಿ ಸಲ ನೀರು ಚೆಲ್ಲುವಾಗ ಕೆಳಗಿನ ಕೆಸರನ್ನು ಮಾತ್ರ ಉಳಿಸಿಕೊಂಡರು. ಹಾಗೆ ಉಳಿಸಿದ ಕೆಸರು ಜಾಸ್ತಿಯಾದಂತೆ ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧಿ ಗಂಟೆಗಳಿಗೆ ಇಳಿಯಿತು. ಅವರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ 1916ರಲ್ಲಿ ಬಂದು ಸೇರಿದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಈಗಿನ ಐಐಎಸ್‌ಸಿಗೆ. ನೂರು ವರ್ಷದ ಹಿಂದೆಯೇ ಈ ವಿದ್ಯೆ ನಮ್ಮ ಪಕ್ಕಕ್ಕೆ ಬಂದಿತ್ತು. ನಾವಿನ್ನೂ ಆಲಂ ಮೂಟೆ ಎಣಿಸುತ್ತಿದ್ದೇವೆ.

ನೈಟ್‌ಶಿಫ್ಟ್, ಗೌರಿಬಿದನೂರು

ದೊಡ್ಡವರೆಲ್ಲ ಮಾತಾಡಿದಿರಿ, ಈಗ ಆಪರೇಟರ್ ಮಾತು ಕೇಳಿ. ಪ್ಲಾಂಟ್ ಕೆಡುವುದು ಡಿಸೈನ್‌ನಿಂದ ಕಡಿಮೆ, ರಾತ್ರಿ ಕರೆಂಟ್ ಉಳಿಸುವುದರಿಂದ ಜಾಸ್ತಿ. ನಾನು ಮೊದಲು ಇದ್ದ ಕಡೆ ರಾತ್ರಿ ಬ್ಲೋಯರ್ ಆಫ್ ಮಾಡಿ ಅಂತ ಮೇಲಿನಿಂದ ಹೇಳುತ್ತಿದ್ದರು. ಬೆಳಗ್ಗೆ ಬಂದರೆ ಕಂದು ಬಣ್ಣ ಹೋಗಿ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಎಲ್ಲ ಬ್ಲೋಯರ್ ಓಡುತ್ತಿದ್ದವು.

ನಮ್ಮ ದಿನದ ಪರೀಕ್ಷೆ ಸುಲಭ. ಒಂದು ಲೀಟರ್ ಅಳತೆ ಜಾಡಿಗೆ ಟ್ಯಾಂಕಿನ ನೀರು ತುಂಬಿಸಿ ಅರ್ಧ ಗಂಟೆ ಅಲ್ಲಾಡಿಸದೆ ಇಡುವುದು. ಆರೋಗ್ಯವಾಗಿದ್ದರೆ ಮೊದಲ ಐದು ನಿಮಿಷದಲ್ಲೇ ಕಂದು ಚೂರುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಹಾಸಿನಂತೆ ಇಳಿಯುತ್ತವೆ, ಮೇಲೆ ತಿಳಿನೀರು ಗೆರೆ ಎಳೆದ ಹಾಗೆ ಬೇರೆಯಾಗುತ್ತದೆ. ಇಳಿಯದೆ 800, 900ರ ಗೆರೆಯಲ್ಲೇ ನಿಂತರೆ ಏನೋ ಕೆಟ್ಟಿದೆ. ಈಗಿನ ಜಾಗದಲ್ಲಿ ಹಳೆಯದೊಂದು ಮೈಕ್ರೋಸ್ಕೋಪ್ ಇದೆ. ಒಂದು ಹನಿ ಇಟ್ಟು ನೋಡಿದರೆ ದಂಟಿನ ಮೇಲೆ ಗಂಟೆ ಕಟ್ಟಿದ ಹಾಗೆ ವೋರ್ಟಿಸೆಲ್ಲಾ ಕಾಣುತ್ತವೆ, ಗಾಜು ತಟ್ಟಿದರೆ ಸ್ಪ್ರಿಂಗ್‌ನಂತೆ ಮುದುಡುತ್ತವೆ. ಅವು ಇದ್ದರೆ ನನಗೆ ರಿಪೋರ್ಟ್ ಬರುವ ಮುಂಚೆಯೇ ಧೈರ್ಯ. ಒಂದು ಸಲ ಪೈಪ್ ತೊಳೆದ ಕಾಸ್ಟಿಕ್ ನೇರ ಟ್ಯಾಂಕಿಗೆ ಬಿಟ್ಟುಬಿಟ್ಟರು. ಮರುದಿನ ಒಂದೂ ಇರಲಿಲ್ಲ.

ಹಾಗಾಗಿ ಬಯೋ ಹಾಕಿಸುವ ಮಾಲೀಕರಿಗೆ ನನ್ನ ಮಾತು: ಜನರೇಟರ್‌ಗೆ ಡೀಸೆಲ್ ಕೊಡುವುದಿಲ್ಲ, ಆಪರೇಟರ್‌ನ ನಿಲ್ಲಿಸುವುದಿಲ್ಲ ಅಂದರೆ ಹಾಕಿಸಲೇಬೇಡಿ. ಆಲಂ ಒಂದು ವಾರ ಮರೆತರೂ ಮೂಟೆಯಲ್ಲೇ ಇರುತ್ತದೆ, ಬ್ಯಾಕ್ಟೀರಿಯಾ ಇರುವುದಿಲ್ಲ.

ತೆಂಗಿನಸೀಮೆ, ತಿಪಟೂರು

ಇದು ಸತ್ಯ. ಕಾಯಿ ಸಿಗದ ತಿಂಗಳಲ್ಲಿ ನಮ್ಮ ಯೂನಿಟ್ ವಾರಕ್ಕೆ ಎರಡು ದಿನ ಓಡುತ್ತದೆ. ಆಗ ಅವಕ್ಕೆ ಊಟ ಏನು?

ನೈಟ್‌ಶಿಫ್ಟ್, ಗೌರಿಬಿದನೂರು

ಗಾಳಿಯಿಲ್ಲದ ಟ್ಯಾಂಕಿನವು ಹಸಿವು ತಡೆಯುತ್ತವೆ. ವಾರಗಟ್ಟಲೆ ನೀರು ಇಲ್ಲದಿದ್ದರೂ ಮತ್ತೆ ಏಳುತ್ತವೆ, ನಿಧಾನಕ್ಕೆ ಕೊಡಬೇಕು ಅಷ್ಟೇ. ಬ್ಲೋಯರ್ ಟ್ಯಾಂಕಿನವಕ್ಕೆ ಸಂಪಿನಲ್ಲಿ ನೀರು ಉಳಿಸಿಕೊಂಡು ದಿನಾ ಸ್ವಲ್ಪ ಬಿಡಿ. ದೊಡ್ಡ ಸಂಪ್ ಬೇಕು ಅಂತ ಅಕ್ಕ ಹೇಳಿದ್ದು ಇದಕ್ಕೂ ಸೇರಿಯೇ.

ರೀಲರ್ ಮಗ, ಶಿಡ್ಲಘಟ್ಟ

ಅಕ್ಕ, ನಮ್ಮಪ್ಪ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಕೆಲವೇ ಬೇಸಿನ್ (ನೂಲು ತೆಗೆಯುವ ತೊಟ್ಟಿ) ಇರುವ ಚಿಕ್ಕ ಯೂನಿಟ್. ಗೂಡು ಬೇಯಿಸಿದ ನೀರು ದಿನಾ ಮೋರಿಗೆ ಹೋಗುತ್ತದೆ. ಬಿಡುವಾಗ ವಾಸನೆ ಇರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ನಿಲ್ಲಲು ಆಗುವುದಿಲ್ಲ. ಬ್ಲೋಯರ್, ಮೈಕ್ರೋಸ್ಕೋಪ್ ಎಲ್ಲ ನಮ್ಮ ಕೈಲಿ ಆಗದ ಮಾತು. ನಮಗೆ ಏನಾದರೂ ದಾರಿ ಇದೆಯಾ?

ಸಿವಿಲ್ ಅಕ್ಕ, ಚಿಕ್ಕಬಳ್ಳಾಪುರ

ಇದೆಯಪ್ಪಾ. ನಿಮ್ಮ ನೀರಿನಲ್ಲಿರುವುದು ಸೆರಿಸಿನ್, ಅಂದರೆ ಎಳೆಗೆ ಎಳೆ ಅಂಟಿಸುವ ಅಂಟು. ಗೂಡಿನ ಚಿಪ್ಪಿನಲ್ಲಿ ಅದು ಐದನೇ ಒಂದು ಭಾಗದಿಂದ ಕಾಲು ಭಾಗದಷ್ಟು ಇರುತ್ತದೆ, ಕೆಲವದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅದು ಪ್ರೋಟೀನ್. ಜೊತೆಗೆ ಒಡೆದ ಹುಳುವಿನ ರಸ. ಪ್ರೋಟೀನ್ ಕೊಳೆತರೆ ಅಮೋನಿಯಾ, ದುರ್ವಾಸನೆ. ತೆಂಗಿನವರು ಯೂರಿಯಾ ಕೊಂಡು ಹಾಕಬೇಕು, ನಿಮ್ಮ ನೀರಿನಲ್ಲಿ ಸಾರಜನಕ ಚೆಲ್ಲಾಡುತ್ತಿದೆ. ತಿಪಟೂರು, ಶಿಡ್ಲಘಟ್ಟ ಅಕ್ಕಪಕ್ಕ ಇದ್ದಿದ್ದರೆ ಇಬ್ಬರಿಗೂ ಲಾಭವಿತ್ತು.

ಒಂದೇ ಮನೆಗೆ ಹೀಗೆ ಮಾಡಬಹುದು. ಮೊದಲು ಹುಳು, ಜಾಳು ತಡೆಯಲು ಜಾಲರಿ. ಹುಳು ನೀರಿಗೆ ಹೋಗಲೇಬಾರದು, ಅರ್ಧ ವಾಸನೆ ಅದರದ್ದೇ. ಆಮೇಲೆ ನೀರು ಆರಲು ಒಂದು ತೊಟ್ಟಿ. ಬಿಸಿನೀರು ನೇರ ಬಿಟ್ಟರೆ ಬ್ಯಾಕ್ಟೀರಿಯಾ ಬೆಂದುಹೋಗುತ್ತದೆ, 40 ಡಿಗ್ರಿಗಿಂತ ಕೆಳಗೆ ಬರಲಿ. ಆಮೇಲೆ ಒಳಗೆ ಅಡ್ಡಗೋಡೆಗಳಿರುವ, ಮುಚ್ಚಿದ ಸೆಪ್ಟಿಕ್ ಥರದ ಟ್ಯಾಂಕ್. ನೀರು ಮೇಲೆ ಕೆಳಗೆ ಹತ್ತಿ ಇಳಿದು ಹೋಗಬೇಕು. ಅಲ್ಲಿ ಕರೆಂಟ್ ಬೇಕಿಲ್ಲ. ಕೊನೆಗೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು ಅಥವಾ ಕಾಬಾಳೆ ನೆಡಿ. ಬೇರಿನ ಸುತ್ತ ಇರುವ ಬ್ಯಾಕ್ಟೀರಿಯಾ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಆದರೆ ಬೀದಿಗೆ ಬೀದಿಯೇ ಬೇಸಿನ್ ಇರುವ ಕಡೆ ಜಾಗ ಎಲ್ಲಿದೆ? ನನ್ನ ಕೇಳಿದರೆ ನಿಮ್ಮ ಊರಿಗೆ ಬೇಕಾದದ್ದು ಎಲ್ಲ ರೀಲರ್‌ಗಳಿಗೆ ಸೇರಿ ಒಂದು ಸಾಮಾನ್ಯ ಪ್ಲಾಂಟ್. ಹಾಗಾದರೆ ಸೆರಿಸಿನ್ ವಾಪಸ್ ತೆಗೆಯುವುದನ್ನೂ ಯೋಚಿಸಬಹುದು. ಪಿಎಚ್ 4ರ ಹತ್ತಿರ ತಂದರೆ ಅದು ಕರಗಿ ಇರಲಾರದೆ ಬೇರೆಯಾಗುತ್ತದೆ. ಕಾಸ್ಮೆಟಿಕ್ಸ್‌ನವರು ಸೆರಿಸಿನ್ ಬಳಸುತ್ತಾರೆ.

ಮಾಲೂರು ಮಂಜ

ಸಾಮಾನ್ಯ ಪ್ಲಾಂಟ್ ಅಂದರೆ ಕರೆಂಟ್ ಬಿಲ್ ಯಾರು ಕಟ್ಟೋದು ಅನ್ನೋ ಜಗಳದಲ್ಲೇ ಮುಗಿಯುತ್ತದೆ ಅಕ್ಕ. ನಮ್ಮ ಕಡೆ ರಸ್ತೆ ದೀಪಕ್ಕೇ ಒಮ್ಮತ ಇಲ್ಲ.

ಸಿವಿಲ್ ಅಕ್ಕ, ಚಿಕ್ಕಬಳ್ಳಾಪುರ

ಗೂಡು ಕೊಳ್ಳುವಾಗಲೇ ಕೆಜಿಗೆ ಇಷ್ಟು ಪೈಸೆ ಅಂತ ಹಿಡಿದರೆ? ಎಷ್ಟು ಗೂಡು ಬೇಯಿಸುತ್ತಾರೋ ಅಷ್ಟು ನೀರು, ಅಷ್ಟು ದುಡ್ಡು. ಮೀಟರ್ ಇಟ್ಟು ಜಗಳ ಆಡುವುದಕ್ಕಿಂತ ಇದು ಸುಲಭ. ಒಪ್ಪುತ್ತಾರೋ ಇಲ್ಲವೋ ರೀಲರ್‌ಗಳೇ ಹೇಳಬೇಕು.

ರೀಲರ್ ಮಗ, ಶಿಡ್ಲಘಟ್ಟ

ಅಪ್ಪನಿಗೆ ಓದಿ ಹೇಳಿದೆ. "ಪೈಸೆ ಲೆಕ್ಕ ಆದರೆ ನೋಡಬಹುದು, ಮೊದಲು ನೀರಲ್ಲಿ ಏನಿದೆ ಅಂತ ಗೊತ್ತಾಗಲಿ" ಅಂದರು. ಪರೀಕ್ಷೆಗೆ ನೀರು ಹೇಗೆ ತರಬೇಕು ಸಾರ್?

ಲ್ಯಾಬ್‌ಕೋಟು, ತುಮಕೂರು

ಒಂದೇ ಸಲ ತುಂಬಿಸಬೇಡಿ. ಬೆಳಗ್ಗೆ ಬೇಸಿನ್ ಶುರುವಾದಾಗಿನಿಂದ ಸಂಜೆ ತೊಳೆಯುವವರೆಗೆ ಗಂಟೆಗೊಂದು ಲೋಟದಂತೆ ಒಂದು ಬಕೆಟ್‌ಗೆ ಹಾಕುತ್ತಾ ಹೋಗಿ, ಕೊನೆಗೆ ಕಲಸಿ ಅದರಿಂದ ಎರಡು ಲೀಟರ್ ತುಂಬಿಸಿ. ಐಸ್ ಹಾಕಿದ ಡಬ್ಬಿಯಲ್ಲಿ ಇಡಿ, ಅದೇ ದಿನ ಅಥವಾ ಮರುದಿನ ಬೆಳಗ್ಗೆಯೇ ಲ್ಯಾಬಿಗೆ ತಲುಪಿಸಿ, ಇಲ್ಲವಾದರೆ ದಾರಿಯಲ್ಲೇ ಕೊಳೆತು ಬಿಒಡಿ ತಪ್ಪು ಬರುತ್ತದೆ. ತುಮಕೂರಿಗೇ ಬರಬೇಕಿಲ್ಲ, ಹತ್ತಿರದ ಮಾನ್ಯತೆ ಇರುವ ಲ್ಯಾಬ್ ಸಾಕು. ಬಿಒಡಿ, ಸಿಒಡಿ, ಒಟ್ಟು ಸಾರಜನಕ, ಪಿಎಚ್, ತೇಲುವ ಕಣ, ಎಣ್ಣೆ, ಇಷ್ಟನ್ನು ಕೇಳಿ. ದಿನಕ್ಕೆ ಎಷ್ಟು ಬಕೆಟ್ ನೀರು ಹೊರಗೆ ಹೋಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ, ಅದಿಲ್ಲದೆ ಟ್ಯಾಂಕಿನ ಅಳತೆ ಹೇಳಲು ಆಗುವುದಿಲ್ಲ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಅಕ್ಕ ಮತ್ತು ನಾನು ಕೂತು ಲೆಕ್ಕ ಮಾಡುತ್ತೇವೆ.